ನೀರಿಗಿಳಿಯುವ ಮೆಟ್ಟಿಲಿನ ಮನೆ

ಅತ್ತೆ ಪಟ್ಟಣದಲ್ಲಿ ಹುಟ್ಟಿ ಬೆಳೆದವರು ಎಂಬುದು ಅವರ ಬೀದಿಯ ನಾಯಿಗೂ ಗೊತ್ತಿತ್ತು. ಹದಿನೇಳನೆಯ ವಯಸ್ಸಿನಲ್ಲಿ ಮದುವೆಯಾಗಿ ಆ ಸಣ್ಣ ಊರಿಗೆ ಬಂದ ಮೇಲೆ ಅವರು ಒಮ್ಮೆಯೂ ಹಿಂತಿರುಗಿ ಪಟ್ಟಣಕ್ಕೆ ಹೋದವರಲ್ಲ. ಆದರೆ ಪಟ್ಟಣ ಮಾತ್ರ ಅವರ ನಾಲಿಗೆ ಬಿಟ್ಟು ಹೋಗಿರಲಿಲ್ಲ. ಯಾರ ಮನೆಗೆ ಹೋದರೂ ಹೊಸ್ತಿಲು ದಾಟುವ ಮೊದಲೇ ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸಿ ನೋಡುವರು. "ನಮ್ಮ ಮನೇಲಿ ಕಿಟಕಿ ಆಳೆತ್ತರ ಇತ್ತು," ಎನ್ನುವರು. "ಹಿಂದಿನ ಬಾಗಿಲು ತೆಗೆದ್ರೆ ಮೆಟ್ಟಿಲು ನೇರ ನದಿಗಿಳೀತಿತ್ತು." ಬೀದಿಯವರು ಅವರ ಬೆನ್ನ ಹಿಂದೆ ಇಟ್ಟ ಹೆಸರು ಪಟ್ಟಣದಮ್ಮ.

ಸೊಸೆಗೆ ಆ ಮನೆಯ ಪರಿಚಯ ಇಪ್ಪತ್ತಾರು ವರ್ಷದ್ದು. ಕಣ್ಣಿಂದ ಕಾಣದ ಆ ಮನೆ ಅವಳಿಗೆ ಇನ್ನೊಬ್ಬ ಅತ್ತೆಯೇ ಆಗಿತ್ತು. ಇವಳ ಮನೆಯ ಬಾಗಿಲು ಕಿರುಗುಟ್ಟಿದರೆ, ಆ ಮನೆಯಲ್ಲಿ ಬಾಗಿಲು ಮುಚ್ಚಿದ್ದು ಬಾಗಿಲಿಗೇ ಗೊತ್ತಾಗುತ್ತಿರಲಿಲ್ಲ. ಇವಳ ಗೋಡೆಯಲ್ಲಿ ಬಿರುಕು ಬಿಟ್ಟರೆ, ಆ ಮನೆಯ ಗೋಡೆ ಮೊಟ್ಟೆಯ ಸಿಪ್ಪೆಯ ಹಾಗೆ ನುಣುಪಾಗಿತ್ತು. ಎದುರು ಮಾತಾಡೋಣವೆಂದರೆ ಆ ಮನೆಯನ್ನು ನೋಡಿದವರು ಯಾರೂ ಇರಲಿಲ್ಲ.

ಸೊಸೆ ಮಾಡುತ್ತಿದ್ದುದು ಕಟ್ಟುಹಲ್ಲಿನ ಕೆಲಸ. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚಿಗೆ ಮೇಣ ತುಂಬಿ, ಹಲ್ಲು ಜೋಡಿಸಿ, ಒಸಡಿನ ಬಣ್ಣ ಹೊಂದಿಸಿ ಸೆಟ್ಟು ತಯಾರಿಸುವ ನಾಲ್ಕು ಜನರ ಸಣ್ಣ ಕಾರ್ಖಾನೆ ಅದು. ಅಲ್ಲಿನ ಯಜಮಾನ ಪಿಂಗಾಣಿ ಹಲ್ಲು ಸುಡುವ ಹೊಸ ಕುಲುಮೆಯೊಂದನ್ನು ತರಿಸುವವನಿದ್ದ. ಅದನ್ನು ನಡೆಸುವುದು ಕಲಿತು ಬಾ ಎಂದು ಇವಳನ್ನು ಎರಡು ದಿನದ ತರಬೇತಿಗೆ ಪಟ್ಟಣಕ್ಕೆ ಕಳಿಸಿದ.

"ನಾನೂ ಬರ್ತೀನಿ," ಎಂದರು ಅತ್ತೆ. ಎಪ್ಪತ್ತನಾಲ್ಕರ ಅವರು ಹಾಗೆಂದ ಮೇಲೆ ಬೇಡ ಎನ್ನುವವರು ಆ ಮನೆಯಲ್ಲಿ ಯಾರಿದ್ದರು? ಗಂಡ ಶಾಲೆಯೊಂದರ ಪ್ರಯೋಗಶಾಲೆ ನೋಡಿಕೊಳ್ಳುವವನು, ಪರೀಕ್ಷೆಯ ಸಮಯ, ಅವನಿಗೆ ರಜೆಯಿಲ್ಲ. ರೈಲು ಹತ್ತಿಸುವಾಗ ಹೆಂಡತಿಗೆ ಮೆಲ್ಲಗೆ ಹೇಳಿದ: "ಅಂತೂ ಅಮ್ಮನ ಮನೆ ನೋಡ್ಕೊಂಡು ಬಾ. ಫೋಟೋ ಕಳಿಸು. ನಾನೂ ಹುಟ್ಟಿದಾಗಿಂದ ಕೇಳ್ತಾನೇ ಇದೀನಿ."

ಅವರು ಇಳಿದುಕೊಂಡದ್ದು ರೈಲು ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ, ಮೂರನೆಯ ಮಹಡಿಯ ಕೋಣೆ. ಎರಡು ಮಂಚ, ನಡುವೆ ಒಬ್ಬರು ಅಡ್ಡಡ್ಡವಾಗಿ ನಡೆಯುವಷ್ಟು ಜಾಗ, ಕನ್ನಡಿಯ ಒಂದು ಮೂಲೆ ಮುಕ್ಕಾದ ಅಲಮಾರು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆಟುಕುತ್ತಿತ್ತು. ಸೊಸೆ ತರಬೇತಿಗೆ ಹೊರಟಾಗ, ಅತ್ತೆ ಇನ್ನು ಊರೆಲ್ಲ ಸುತ್ತಿ ಬರುತ್ತಾರೆ, ತಮ್ಮದೇ ಊರಲ್ಲವೇ, ಎಂದುಕೊಂಡಳು. ಸಂಜೆ ಬಂದು ನೋಡಿದರೆ ಅತ್ತೆ ಮಂಚದ ಮೇಲೆ ಹೇಗೆ ಕೂತಿದ್ದರೋ ಹಾಗೇ ಇದ್ದಾರೆ. ಎರಡನೆಯ ದಿನವೂ ಅದೇ.

"ಹೊರಗೆ ಹೋಗಲೇ ಇಲ್ವಾ ಅತ್ತೆ?"

"ಹೋಗಿ ಯಾರ ಬಾಗಿಲು ತಟ್ಟಲಿ?"

"ನಿಮ್ಮ ಮನೆ ಇತ್ತಲ್ಲ, ಆ ಬೀದಿಗಾದ್ರೂ..."

"ಮಂಡಿ ನೋವು," ಎಂದು ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ರೈಲಿಳಿದು ಲಾಡ್ಜಿನ ಮೂರು ಮಹಡಿ ಹತ್ತುವಾಗ ಇಲ್ಲದ ಮಂಡಿ ನೋವು.

ಮೂರನೆಯ ದಿನ ಸಂಜೆ ಏಳಕ್ಕೆ ಊರಿನ ರೈಲು. ಅಲ್ಲಿಯವರೆಗೆ ಬಿಡುವು. ಊರು ನೋಡುವುದು ಹೇಗೆ ಎಂದು ಸೊಸೆ ಲಾಡ್ಜಿನ ಮೇಜಿನ ಹಿಂದೆ ಕೂತ ಹೆಂಗಸನ್ನು ಕೇಳಿದಳು. ಆಕೆ ಕನ್ನಡಕದ ಮೇಲಿಂದ ನೋಡಿ ಹೇಳಿದಳು: "ಪ್ರವಾಸಿ ಬೋಟು ಹತ್ತಬೇಡಿ, ಅದರಲ್ಲಿ ಮೈಕು ಹಿಡಿದು ತಲೆ ತಿಂತಾರೆ. ಸರ್ಕಾರಿ ಬೋಟು ಹತ್ತಿ. ದಿನದ ಟಿಕೆಟು ತಗೊಂಡ್ರೆ ಎಲ್ಲಿ ಬೇಕೋ ಅಲ್ಲಿ ಇಳೀಬಹುದು, ಮತ್ತೆ ಹತ್ತಬಹುದು. ಹಳೇ ಊರೆಲ್ಲ ನದಿಗೇ ಮುಖ ಮಾಡಿದೆ. ರಸ್ತೆಯಿಂದ ನೋಡಿದ್ರೆ ನೀವು ಅದರ ಬೆನ್ನು ಮಾತ್ರ ನೋಡ್ತೀರಿ."

ನದಿ ಎಂದೊಡನೆ ಅತ್ತೆ ಎದ್ದು ಶಾಲು ಹೊದ್ದರು.

ಜೆಟ್ಟಿಯಲ್ಲಿ ಮೊದಲ ಗಲಿಬಿಲಿ. ನೀರಿನ ಮೇಲೆ ತೇಲುವ ಆ ಕಟ್ಟೆಗೆ ಎರಡು ಬಾಗಿಲು, ಎರಡು ಸಾಲು. ಒಂದು ನದಿಯ ಮೇಲ್ಗಡೆಗೆ, ಇನ್ನೊಂದು ಕೆಳಗಡೆಗೆ. ಯಾವುದು ಯಾವುದೆಂದು ಬರೆದ ಹಲಗೆಯ ಮುಂದೆಯೇ ಸೈಕಲ್ ಹಿಡಿದವನೊಬ್ಬ ನಿಂತಿದ್ದ. ಬೋಟು ಬಂದು ಧಡ್ಡೆಂದು ತಾಗಿತು. ಹಗ್ಗದವನು ಹಾರಿ ಬಂದು ಕಂಬಕ್ಕೆ ಹಗ್ಗ ಸುತ್ತಿದ. ಹಿಂದಿನಿಂದ ಆಫೀಸಿನ ಜನ ನೂಕಿದರು. ಕೇಳುವಷ್ಟರಲ್ಲಿ ಇಬ್ಬರೂ ಬೋಟಿನೊಳಗಿದ್ದರು. ಅದು ಕೆಳಗಡೆಗೆ ಹೋಗುವ ಬೋಟು ಎಂದು ತಿಳಿದದ್ದು ಕೂತ ಮೇಲೆ.

ಆ ಬೋಟು ನೇರ ಹೋಗುವ ಜಾತಿಯದಲ್ಲ. ಈ ದಂಡೆಗೆ ತಾಗಿ ಆ ದಂಡೆಗೆ, ಆ ದಂಡೆಯಿಂದ ಮತ್ತೆ ಈ ದಂಡೆಗೆ. ಅದೂ ಸಾಲದೆಂದು ಕೆಲವು ಜೆಟ್ಟಿಗಳಿಂದ ಹಿಮ್ಮುಖವಾಗಿ ಹೊರಟು ನದಿಯ ನಡುವೆ ಗಿರಕಿ ಹೊಡೆದು ಹೊರಳುತ್ತಿತ್ತು. ಮೂರು ಜೆಟ್ಟಿ ಕಳೆಯುವುದರೊಳಗೆ ಸೊಸೆಗೆ ಎಡ ಬಲ ಕಲಸಿಹೋಯಿತು. ಒಂದು ಕಿವಿಯ ಮೇಲೆ ಬೀಳುತ್ತಿದ್ದ ಬಿಸಿಲು ಈಗ ಇನ್ನೊಂದು ಕಿವಿಯ ಮೇಲೆ. ಆಗಲೇ ಹಿಂದೆ ಬಿಟ್ಟಿದ್ದ ಗಡಿಯಾರದ ಗೋಪುರ ಮತ್ತೆ ಮುಂದೆ. ಗೋದಾಮುಗಳು, ಆಸ್ಪತ್ರೆಯ ಹಿಂಬದಿ, ಬಟ್ಟೆ ಒಣಹಾಕಿದ ಮಹಡಿಗಳು, ನಡುನಡುವೆ ನೀರಿಗೇ ಮೆಟ್ಟಿಲಿಳಿಸಿಕೊಂಡ ಹಳೆಯ ದೊಡ್ಡ ಮನೆಗಳು ಹಿಂದೆ ಮುಂದೆ ಸರಿದಾಡಿದವು.

ಅತ್ತೆ ಒಮ್ಮೆಲೇ ಕೈ ಎತ್ತಿದರು. "ಅಗೋ. ನಮ್ಮ ಮನೆ."

ಹಳದಿ ಗೋಡೆಯ ಮೂರಂತಸ್ತಿನ ಮನೆ. ಆಳೆತ್ತರದ ಹಸಿರು ಕಿಟಕಿಗಳು. ಹಿಂಬಾಗಿಲಿಂದ ಏಳೆಂಟು ಕಲ್ಲಿನ ಮೆಟ್ಟಿಲು ನೀರಿಗಿಳಿದಿದ್ದವು. ಇಪ್ಪತ್ತಾರು ವರ್ಷ ಕೇಳಿದ ಮನೆ ಕಣ್ಣ ಮುಂದೆ ನಿಂತಾಗ ಸೊಸೆ, ಯಾಕೋ ಏನೋ, ಬೆಂಚಿನಿಂದ ಅರ್ಧ ಎದ್ದಳು. ಅದರ ಮೇಲಿದ್ದ ಹಳೆಯ ಸಿಟ್ಟನ್ನೆಲ್ಲ ಮರೆತು ಫೋನು ತೆಗೆದು ಫೋಟೋ ಹಿಡಿದಳು. 'ಸಿಕ್ತು' ಎಂದು ಬರೆದು ಗಂಡನಿಗೆ ಕಳಿಸಿದಳು. 'ಎಷ್ಟು ದೊಡ್ಡದು' ಎಂದು ಅವನು ತಿರುಗಿ ಬರೆದ.

ಮುಂದಿನ ಜೆಟ್ಟಿ ದಾಟಿ, ಒಂದು ಸೇತುವೆಯ ಅಡಿ ನುಸುಳಿ ಹೊರಬಂದರು. ಅತ್ತೆ ಬೆಂಚಿನ ತುದಿಗೆ ಸರಿದು ಕತ್ತು ಉದ್ದ ಮಾಡಿದರು. "ಇಗೋ ನೋಡು. ನಮ್ಮ ಮನೆ. ಕೆಳಗಿನ ಮೂರನೇ ಮೆಟ್ಟಿಲು ಮುರಿದಿತ್ತು, ಇನ್ನೂ ಹಾಗೇ ಬಿಟ್ಟಿದಾರೆ."

ಈ ಮನೆ ಬಿಳಿ. ನೆತ್ತಿಯ ಮೇಲೊಂದು ಗುಂಡು ಕೋಣೆ. ಮೂರನೆಯ ಮೆಟ್ಟಿಲು ಮುರಿದಿದ್ದು ನಿಜ.

"ಆಗ ಹಳದೀದು ತೋರಿಸಿದ್ರಲ್ಲ ಅತ್ತೆ?"

ಅತ್ತೆ ಸೊಸೆಯ ಮುಖ ನೋಡಿದರು. ಶಾಲಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾ ನೀರು ನೋಡತೊಡಗಿದರು.

ಸೊಸೆ ಯೋಚಿಸಿದಳು. ಈ ಬೋಟು ತಿರುಗಿ ತಿರುಗಿ ಒಂದೇ ಮನೆಯನ್ನು ಎರಡು ಕಡೆಯಿಂದ ತೋರಿಸುತ್ತಿದೆಯೋ? ಆದರೆ ಹಳದಿ ಬಿಳಿಯಾಗುವುದು ಹೇಗೆ? ಅವಳ ಚಿಕ್ಕಮ್ಮನಿಗೆ ಕೊನೆಗಾಲದಲ್ಲಿ ಮರೆವು ಬಂದಿತ್ತು. ಆಕೆಯೂ ಹೀಗೇ, ಕಂಡ ಕಂಡ ಬಾಗಿಲನ್ನು ತನ್ನದೆನ್ನುತ್ತಿದ್ದಳು.

"ಅತ್ತೆ, ಇವತ್ತು ಯಾವ ವಾರ?"

"ಯಾಕೆ?"

"ಸುಮ್ನೆ ಕೇಳಿದೆ."

"ಗುರುವಾರ. ನಿನ್ನ ಗಂಡ ಹುಟ್ಟಿದ್ದು ಸೋಮವಾರ ಬೆಳಿಗ್ಗೆ. ನೀನು ನಮ್ಮ ಮನೆಗೆ ಬಂದಿದ್ದು ಬುಧವಾರ, ಬಂದ ದಿನವೇ ಹಾಲಿನ ಪಾತ್ರೆ ಸೀಯಿಸಿದೆ. ಇನ್ನೇನಾದ್ರೂ ಬೇಕಾ?"

ಮರೆವಲ್ಲ. ಹಾಗಾದರೆ ಇನ್ನೇನು?

ಮೂರನೆಯ ಮನೆ ಬಂದಾಗ ಅತ್ತೆ ಕೈ ಎತ್ತಲಿಲ್ಲ. ಕಲ್ಲಿನ ಕಮಾನಿನ ದೊಡ್ಡ ಮನೆಯೊಂದನ್ನು ಕಂಡು, ತಮಗೇ ಎಂಬಂತೆ, "ಈ ಮನೇಲಿ ಚಳಿ ಜಾಸ್ತಿ. ರಾತ್ರಿಯೆಲ್ಲ ನೀರಿನ ಸದ್ದು," ಎಂದರು. ಅದು ಬಾಯಿ ತಪ್ಪಿ ಬಂದ ಮಾತು. ಎದುರಿನ ಬೆಂಚಿನಲ್ಲಿ ತರಕಾರಿ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದ ನಿವೃತ್ತ ಶಾಲಾ ಟೀಚರೊಬ್ಬರು (ಅವರು ಪಕ್ಕದವರೊಡನೆ ತಮ್ಮ ಪಿಂಚಣಿಯ ತಾಪತ್ರಯ ಹೇಳಿಕೊಳ್ಳುತ್ತಿದ್ದುದರಿಂದ ಟೀಚರೆಂದು ತಿಳಿದಿತ್ತು) ಇತ್ತ ತಿರುಗಿದರು.

"ನೀವು ಆ ಮನೇಲಿದ್ರಾ? ಅದು ಹಿಟ್ಟಿನ ಗಿರಣಿಯವರ ಮನೆ ಅಲ್ವಾ? ನಮ್ಮಜ್ಜಿ ಕಾಲದಿಂದ ಅವರದೇ."

ಸೊಸೆಯೇ ಬಾಯಿ ಹಾಕಿದಳು. "ಬಾಡಿಗೆಗೆ ಇದ್ದಿರಬಹುದು."

"ಅವರು ಬಾಡಿಗೆಗೆ ಕೊಡೋ ಜನ ಅಲ್ಲಮ್ಮ."

"ಯಾವಾಗಲೋ ಕೊಟ್ಟಿರಬಹುದಲ್ಲ," ಎಂದಳು ಸೊಸೆ, ಸ್ವಲ್ಪ ಜೋರಾಗಿಯೇ. ಟೀಚರು ಹುಬ್ಬೇರಿಸಿ ಚೀಲ ಸರಿಮಾಡಿಕೊಂಡರು. ತಾನೇಕೆ ಅತ್ತೆಯ ಪರ ನಿಂತೆ ಎಂದು ಸೊಸೆಗೆ ಅರ್ಥವಾಗಲಿಲ್ಲ. ಅತ್ತೆ ಹೇಳಿದ್ದು ಸುಳ್ಳೆಂದು ಆ ಹೊತ್ತಿಗೆ ಅವಳಿಗೂ ಅನ್ನಿಸಿಬಿಟ್ಟಿತ್ತು. ಇಷ್ಟು ವರ್ಷ ಉಂಡ ಮಾತುಗಳೆಲ್ಲ ಸುಳ್ಳಿನ ಮೇಲೆ ನಿಂತಿದ್ದವು ಎಂದರೆ ಸಿಟ್ಟು ಬರಬೇಕು. ಸಿಟ್ಟು ಬರಲು ನೋಡಿತು. ಪಕ್ಕದಲ್ಲಿ ಶಾಲು ಸುತ್ತುತ್ತಿದ್ದ ಆ ಬೆರಳುಗಳನ್ನು ಕಂಡು ಅರ್ಧಕ್ಕೇ ನಿಂತಿತು. ಇತ್ತ ನುಂಗಲೂ ಆಗದು, ಅತ್ತ ಉಗುಳಲೂ ಆಗದು.

ಕೂತಲ್ಲಿ ಕೂರಲಾಗದೆ ಅವಳು ಎದ್ದು ಬೋಟಿನ ಮುಂಭಾಗಕ್ಕೆ ಹೋದಳು. ಹಗ್ಗದವನು ರೇಲಿಗೊರಗಿ ಶೇಂಗಾ ತಿನ್ನುತ್ತಿದ್ದ. ಮೇಲಿನ ಸಾಲಿನ ಎರಡು ಹಲ್ಲು ಕಟ್ಟಿಸಿದವು, ಕೊಂಡಿ ಸಡಿಲ, ಜಗಿದಾಗಲೆಲ್ಲ ಕಟಕ್ ಎನ್ನುತ್ತಿತ್ತು. ಬೇರೆ ದಿನವಾಗಿದ್ದರೆ ಅವಳು ಅದನ್ನು ಹೇಳಿಯೇ ಬಿಡುತ್ತಿದ್ದಳು.

"ಈ ಬೋಟು ಒಂದೇ ಕಡೆ ಸುತ್ತುತ್ತಾ?" ಎಂದು ಕೇಳಿದಳು.

"ಎಲ್ಲಿ ಸುತ್ತುತ್ತಮ್ಮ? ನದಿ ಬಾಗುತ್ತೆ, ನಾವೂ ಬಾಗ್ತೀವಿ."

"ಮತ್ತೆ ಎಡದಂಡೆ ಯಾವುದು, ಬಲದಂಡೆ ಯಾವುದು?"

ಅವನು ಜಗಿಯುವುದು ನಿಲ್ಲಿಸಿ ಎರಡೂ ಕಡೆ ನೋಡಿದ. "ಹೋಗೋವಾಗ ಇದು ಎಡ. ಬರೋವಾಗ ಅದು ಎಡ. ಪುಸ್ತಕದಲ್ಲಿ ಬೇರೆ ಇದೆಯಂತೆ, ನಮಗೆ ಗೊತ್ತಿಲ್ಲ. ನೀವು ಎಲ್ಲಿಗೆ ಹೋಗಬೇಕು?"

ಅದು ತನಗೇ ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಗಿ ಅವಳು ನೀರಿನ ಕಡೆ ತಿರುಗಿದಳು. ಅಷ್ಟರಲ್ಲಿ ಒಂದು ಜೆಟ್ಟಿ ಬಂತು, ಜನ ಇಳಿದರು, ಜನ ಹತ್ತಿದರು, ಹಗ್ಗದವನು ಹಗ್ಗ ಬಿಚ್ಚಿದ. ಬೋಟು ಹಿಮ್ಮುಖವಾಗಿ ಸರಿದು ಹೊರಳಿತು. ಅವಳು ತಿರುಗಿ ಬೆಂಚಿನ ಹತ್ತಿರ ಬಂದಾಗ ಅಲ್ಲಿ ಅತ್ತೆಯ ಕೈಚೀಲ ಮಾತ್ರ ಇತ್ತು.

"ಇಳಿದ್ರಲ್ಲ," ಎಂದರು ಟೀಚರು. "ನಿಮಗೆ ಹೇಳಿರ್ತಾರೆ ಅಂದ್ಕೊಂಡೆ."

ನಡುವೆ ಆಗಲೇ ಅರ್ಧ ನದಿಯಷ್ಟು ನೀರು. ಜೆಟ್ಟಿಯ ಏರುಹಲಗೆಯ ಮೇಲೆ ನೀಲಿ ಶಾಲೊಂದು, ಯಾರನ್ನೂ ತಿರುಗಿ ನೋಡದೆ, ಸರಸರ ನಡೆದು ಹೋಗುತ್ತಿತ್ತು. ಮಂಡಿ ನೋವಿನವರ ನಡಿಗೆ ಅದಲ್ಲ. ಅತ್ತೆಯ ಹತ್ತಿರ ಫೋನಿಲ್ಲ. ಮಾತ್ರೆಗಳು, ಲಾಡ್ಜಿನ ವಿಳಾಸದ ಚೀಟಿ, ಎಲ್ಲವೂ ಈ ಚೀಲದಲ್ಲಿ. ಬೋಟು ನಿಲ್ಲಿಸಿ ಎಂದು ಸೊಸೆ ಹಗ್ಗದವನಿಗೆ ಹೇಳಿದಳು. "ಬಸ್ಸಲ್ಲಮ್ಮ ಇದು," ಎಂದ ಅವನು, ಕನಿಕರದ ದನಿಯಲ್ಲಿ.

ಮುಂದಿನ ಜೆಟ್ಟಿ ಎದುರು ದಂಡೆಯಲ್ಲಿತ್ತು. ಅಲ್ಲಿ ಇಳಿದು, ಮೊದಲು ಬಂದ ಬೋಟಿಗೆ ಹಿಂದು ಮುಂದು ನೋಡದೆ ಹಾರಿದಳು. ಅದಕ್ಕೆ ಕಿತ್ತಳೆ ಬಾವುಟ ಕಟ್ಟಿತ್ತು. ಕಿತ್ತಳೆ ಬಾವುಟದ ಬೋಟು ಸಣ್ಣ ಜೆಟ್ಟಿಗಳಲ್ಲಿ ನಿಲ್ಲುವುದಿಲ್ಲ ಎಂಬುದು ಆ ಊರಿನ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಅವಳು ನೋಡನೋಡುತ್ತಿದ್ದಂತೆ ಅತ್ತೆ ಇಳಿದ ಜೆಟ್ಟಿ ಪಕ್ಕದಲ್ಲೇ ಹಾದು ಹಿಂದಕ್ಕೆ ಹೋಯಿತು. ಜೆಟ್ಟಿ ಖಾಲಿಯಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಲ್ಲಿ ತಾನು ಎತ್ತೋ ಕೋಣವೋ ಎಂದು ತಿಳಿಯದೆ ಅವಳು ರೇಲು ಹಿಡಿದು ನಿಂತಳು. ಗಂಡನಿಂದ ಸಂದೇಶ ಬಂತು: 'ಅಮ್ಮ ಏನಂತಾರೆ? ಖುಷಿಯಾಗಿದಾರಾ?' ಅವಳು ಫೋನನ್ನು ಚೀಲದೊಳಗೆ ತುರುಕಿದಳು.

ಮುಂದೆಲ್ಲೋ ಇಳಿದು, ಈ ಸಲ ಮೂರು ಜನರನ್ನು ಕೇಳಿ, ಸರಿಯಾದ ಬೋಟು ಹಿಡಿದು ಆ ಜೆಟ್ಟಿಗೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಗೂಡಿನಂಥ ಕೋಣೆಯಲ್ಲಿ ಕೂತಿದ್ದ ಕಾವಲಿನವನನ್ನು ಕೇಳಿದಳು.

"ನೀಲಿ ಶಾಲಿನ ಅಜ್ಜೀನಾ? ದಾರಿ ತಪ್ಪಿದ್ರಾ ಅಂತ ನಾನೇ ಕೇಳಿದೆ. ನಮ್ಮ ಮನೆಗೆ ಹೋಗ್ತಿದೀನಿ, ದಾರಿ ಯಾಕೆ ತಪ್ಪಲಿ ಅಂದ್ರು."

"ಯಾವ ಕಡೆ ಹೋದ್ರು?"

ಅವನು ತೋರಿಸಿದ ಓಣಿಗೆ ಹೊಕ್ಕಾಗ ಲಾಡ್ಜಿನ ಹೆಂಗಸಿನ ಮಾತು ನಿಜವೆನಿಸಿತು. ನದಿಯಿಂದ ಒಂದೊಂದು ಒಂದೊಂದು ಬಣ್ಣ, ಒಂದೊಂದು ಚಂದ ಕಂಡ ಮನೆಗಳು ಈ ಕಡೆಯಿಂದ ಎಲ್ಲವೂ ಒಂದೇ. ಬೂದು ಗೋಡೆ, ಕರೆಂಟಿನ ಮೀಟರು, ಕಸದ ಡಬ್ಬ. ಇದರಲ್ಲಿ ಅತ್ತೆಯ ಮನೆ ಯಾವುದೆಂದು ಹುಡುಕುವುದು? ಅತ್ತೆಗೆ ಮನೆಯೇ ಇರಲಿಲ್ಲ ಎಂದ ಮೇಲೆ ಏನೆಂದು ಹುಡುಕುವುದು? ಓಣಿಯ ತುದಿಯವರೆಗೆ ಹೋಗಿ ಹಿಂತಿರುಗಿದಳು. ಎರಡನೆಯ ಸಲ ಬರುವಾಗ ಬಣ್ಣಕ್ಕೆ ಬೆರೆಸುವ ಎಣ್ಣೆಯ ಘಾಟು ಮೂಗಿಗೆ ಬಡಿಯಿತು. ಒಂದು ಬಾಗಿಲು ಅರೆತೆರೆದಿತ್ತು.

ಒಳಗೆ ಖಾಲಿ ಹಜಾರ. ನೆಲಕ್ಕೆಲ್ಲ ಹಳೆಯ ಬಟ್ಟೆ ಹಾಸಿದ್ದರು. ನದಿಯ ಕಡೆಯ ಕಿಟಕಿಗಳಾಚೆ ಸಾರುವೆ ಕಟ್ಟಿ ಅದರ ಹಲಗೆಗಳ ಮೇಲೆ ಇಬ್ಬರು ನಿಂತು ಗೋಡೆ ಉಜ್ಜುತ್ತಿದ್ದರು. ಬೋಟಿನಿಂದ ಅತ್ತೆಗೆ ಕಂಡದ್ದು ಇವರೇ. ಕಿಟಕಿಯ ಪಕ್ಕ ಬೋರಲು ಹಾಕಿದ ಬಣ್ಣದ ಡಬ್ಬದ ಮೇಲೆ ಅತ್ತೆ ಕೂತಿದ್ದರು. ಕೈಯಲ್ಲಿ ಅಗಲ ಬಾಯಿಯ ಕೆರೆಯುವ ಅಲಗು. ಶಾಲು ಕಳಚಿ ಸೊಂಟಕ್ಕೆ ಬಿಗಿದು, ಕಿಟಕಿಯ ಚೌಕಟ್ಟಿನ ಬಣ್ಣವನ್ನು ಕೆಳಗಿನಿಂದ ಮೇಲಕ್ಕೆ ಒಂದೇ ಸಮನೆ ಕೆರೆಯುತ್ತಿದ್ದರು. ಪಕ್ಕದಲ್ಲಿ ಕೈಕಟ್ಟಿ ನಿಂತ ಬಣ್ಣದ ಮೇಸ್ತ್ರಿ.

"ನಿಮ್ಮವರಾ?" ಎಂದ ಮೇಸ್ತ್ರಿ. "ಬಂದವರೇ ನನ್ನ ಕೈಯಿಂದ ಅಲಗು ಕಿತ್ಕೊಂಡ್ರು. ಹೀಗೆ ಹಿಡಿದ್ರೆ ಮರ ಗಾಯ ಆಗುತ್ತೆ ಅಂತ ನನಗೇ ಪಾಠ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ." ಸ್ವಲ್ಪ ತಡೆದು, "ಅವರು ಹೇಳಿದ್ದೇ ಸರಿ, ಬಿಡಿ," ಎಂದ.

"ಅತ್ತೆ," ಎಂದಳು ಸೊಸೆ.

"ಬಾ ಇಲ್ಲಿ. ನೋಡು." ಅತ್ತೆ ಚೌಕಟ್ಟಿನ ಮೇಲೆ ಬೆರಳಿಟ್ಟರು. ಕೆರೆದ ಜಾಗದಲ್ಲಿ ಬಣ್ಣಗಳು ಒಂದರ ಕೆಳಗೊಂದು ಪದರ ಪದರವಾಗಿ ಕಾಣುತ್ತಿದ್ದವು. ಕಂದು, ಅದರಡಿ ಬಿಳಿ, ಬೂದು, ಮತ್ತೆ ಬಿಳಿ, ಕೊನೆಯಲ್ಲಿ ಮರಕ್ಕೆ ಅಂಟಿಕೊಂಡಂತೆ ಒಂದು ಗಾಢ ಹಸಿರು. "ಈ ಹಸಿರು ನಮ್ಮಪ್ಪ ಬಳಿದಿದ್ದು."

ಸೊಸೆಗೆ ತಟ್ಟನೆ ತಿಳಿಯಲಿಲ್ಲ. "ನಿಮ್ಮಪ್ಪ ತಮ್ಮ ಮನೆಗೆ ತಾವೇ ಬಣ್ಣ ಹೊಡೀತಿದ್ರಾ?"

"ನಮ್ಮಪ್ಪ ಬಣ್ಣ ಬಳಿಯೋನು," ಎಂದರು ಅತ್ತೆ. ಮೇಸ್ತ್ರಿ ಮೆಲ್ಲಗೆ ಆಚೆ ಕೋಣೆಗೆ ಹೋದ.

ನದಿಯ ಕಡೆಯ ಬಾಗಿಲು ತೆರೆದು ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಕೆಳಗಿನ ಮೆಟ್ಟಿಲುಗಳನ್ನು ನೀರು ನೆಕ್ಕುತ್ತಿತ್ತು. ಅತ್ತೆ ಉಗುರಿನಲ್ಲಿ ಸಿಕ್ಕಿದ್ದ ಬಣ್ಣದ ಪುಡಿ ಬಿಡಿಸುತ್ತಾ ಹೇಳಿದರು.

"ಬೇಸಿಗೇಲಿ ಈ ಮನೆಯವರೆಲ್ಲ ತಂಪಿರೋ ಕಡೆ ಹೋಗ್ತಿದ್ರು. ಬೀಗದ ಕೈ ಅಪ್ಪನ ಹತ್ರ ಕೊಡೋರು. ವಾಪಸ್ ಬರೋದ್ರೊಳಗೆ ಬಣ್ಣ ಆಗಿರ್ಬೇಕು, ಮನೆ ಕಾವಲೂ ಆಗಿರ್ಬೇಕು. ಅಪ್ಪ, ಅಮ್ಮ, ನಾವು ಮೂರು ಮಕ್ಕಳು ಕೆಳಗಿನ ಕೋಣೇಲಿ ಇರ್ತಿದ್ವಿ. ಅಮ್ಮ ಪುಟ್ಟಿ ಕಲಸೋಳು. ನಾನು ಕಿಟಕಿ ಉಜ್ಜೋಳು. ಬೇಸಿಗೆ ಮುಗಿದ್ರೆ ಇನ್ನೊಂದು ಮನೆ. ಯಾರೋ ಕಟ್ಟಿಸಿ ಇನ್ನೂ ಒಕ್ಕಲಾಗಿರದೇ ಇದ್ದದ್ದು, ಯಾರೋ ಸತ್ತು ಖಾಲಿ ಬಿದ್ದಿದ್ದದ್ದು. ಬಣ್ಣ ಒಣಗೋವರೆಗೂ ನಮ್ಮದು."

"ಇಂಥ ಮನೆ ಎಷ್ಟು?"

"ಹತ್ತೋ, ಹನ್ನೆರಡೋ. ಅವುಗಳ ಮಧ್ಯೆ ಎಲ್ಲೆಲ್ಲಿ ಇದ್ವಿ ಅಂತ ಕೇಳಬೇಡ. ಅದನ್ನೆಲ್ಲ ಮನೆ ಅನ್ನೋಕಾಗಲ್ಲ."

"ಮತ್ತೆ ನೀವು ನಮಗೆಲ್ಲ..."

"ನಾನು ಸುಳ್ಳು ಹೇಳಲಿಲ್ಲ," ಎಂದರು ಅತ್ತೆ. "ಮದುವೆ ಮಾತಾಡುವಾಗ ನನ್ನ ಅತ್ತೆ ಕೇಳಿದ್ದು, ಎಂಥ ಮನೇಲಿ ಬೆಳೆದೆ ಅಂತ. ಹೇಳಿದೆ. ಯಾರ ಮನೆ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಿನ್ನ ಮಾವನೂ ಕೇಳಲಿಲ್ಲ. ಒಂದು ದಿನ ಕೇಳದಿದ್ದದ್ದನ್ನ ಆಮೇಲೆ ಯಾವ ದಿನ ಹೇಳೋದು?"

ಆಗ ಸೊಸೆಗೆ ಸಿಟ್ಟು ಬಂತು. ಬೋಟಿನಲ್ಲಿ ಅರ್ಧಕ್ಕೆ ನಿಂತಿದ್ದ ಸಿಟ್ಟು.

"ಮಗು ತೊಟ್ಟಿಲಿಗೆ ನಾನು ಬಣ್ಣ ಹಚ್ಚಿದ್ದೆ. ಏಳು ತಿಂಗಳ ಹೊಟ್ಟೆ ಹೊತ್ಕೊಂಡು ನೆಲದ ಮೇಲೆ ಕೂತು ಹಚ್ಚಿದ್ದೆ. ನೀವು ಸೀಮೆಎಣ್ಣೆ ಬಟ್ಟೆ ತಗೊಂಡು ಅಷ್ಟನ್ನೂ ಒರೆಸಿ ಹಾಕಿದ್ರಿ. ನಮ್ಮ ಮನೇಲಿ ಹೀಗೆಲ್ಲ ಹಚ್ತಿರಲಿಲ್ಲ ಅಂದ್ರಿ. ನಾನು ಇಷ್ಟು ವರ್ಷ ಆ ಮನೆಗೆ ಹೆದರಿಕೊಂಡು ಬದುಕಿದೀನಿ ಅತ್ತೆ."

ಒಂದು ಬೋಟು ಹಾದುಹೋಯಿತು. ಅದರ ಅಲೆ ಬಂದು ಇನ್ನೊಂದು ಮೆಟ್ಟಿಲು ನೆನೆಸಿತು.

"ಹಚ್ಚಿದ್ದು ಚೆನ್ನಾಗಿರಲಿಲ್ಲ," ಎಂದರು ಅತ್ತೆ. "ಅಡಿಯಲ್ಲೆಲ್ಲ ಬಣ್ಣ ಇಳಿದಿತ್ತು. ಇವತ್ತು ಕೇಳಿದ್ರೂ ಚೆನ್ನಾಗಿರಲಿಲ್ಲ ಅಂತಲೇ ಹೇಳ್ತೀನಿ." ಆಮೇಲೆ ಬೆರಳ ಮೇಲಿನ ಬಣ್ಣದ ಪುಡಿ ಕೊಡವಿ ಹೇಳಿದರು: "ನಮ್ಮ ಮನೇಲಿ ಅನ್ನಬಾರದಿತ್ತು."

ಕ್ಷಮೆ ಕೇಳಿದ್ದೋ, ಮತ್ತೊಮ್ಮೆ ಬೈದದ್ದೋ? ಎರಡೂ ಆಗಿರಬಹುದು. ನಗು ಬರುವ ಹಾಗಿತ್ತು, ಅಳು ಬರುವ ಹಾಗೂ ಇತ್ತು. ಎರಡೂ ಬರಲಿಲ್ಲ. ಸೊಸೆ ಚೀಲದಿಂದ ಮಾತ್ರೆ ತೆಗೆದು ಕೊಟ್ಟಳು. ಮೇಸ್ತ್ರಿ ತನ್ನ ಬಾಟಲಿಯ ನೀರು ತಂದುಕೊಟ್ಟ. ಹೊರಡುವಾಗ ಅತ್ತೆ ಅವನಿಗೆ, ಎರಡನೆಯ ಸಲ ಬಳಿಯೋ ಮೊದಲು ಇನ್ನೊಂದು ದಿನ ಬಿಡು, ನದಿ ಗಾಳಿಗೆ ಬೇಗ ಒಣಗಿದ ಹಾಗೆ ಕಂಡ್ರೂ ಒಳಗೆ ಹಸಿ ಇರುತ್ತೆ, ಎಂದು ಹೇಳಿಯೇ ಬಂದರು.

ಜೆಟ್ಟಿಯಲ್ಲಿ ಬೋಟಿಗೆ ಕಾಯುತ್ತಿದ್ದಾಗ ಗಂಡ ಫೋನು ಮಾಡಿದ. ಸೊಸೆ ಅದನ್ನು ಹಾಗೇ ಅತ್ತೆಯ ಕೈಗೆ ಕೊಟ್ಟಳು.

"ಹೂಂ, ನೋಡಿದ್ವಿ," ಎಂದರು ಅತ್ತೆ ಮಗನಿಗೆ. "ಆ ಫೋಟೋದಲ್ಲಿರೋದು ಒಂದು. ಇನ್ನೂ ಇವೆ... ಫೋನಲ್ಲಿ ಹೇಳೋ ಮಾತಲ್ಲ. ಬಂದು ಹೇಳ್ತೀನಿ, ನಾನೇ ಹೇಳ್ತೀನಿ. ಊಟ ಮಾಡಿದ್ಯಾ?"

ಹಿಂತಿರುಗುವ ಬೋಟಿನಲ್ಲಿ ಜನ ಕಡಿಮೆ. ಈಗ ಅತ್ತೆ ಮುಚ್ಚುಮರೆಯಿಲ್ಲದೆ ತೋರಿಸತೊಡಗಿದರು. ಇದರ ಒಳಗೋಡೆಗೆ ಗುಲಾಬಿ ಬಣ್ಣ. ಅದರ ಯಜಮಾನಿ ಬಾಗಿಲ ಹಿಂದೆ ಬೆರಳಿಟ್ಟು ಧೂಳು ನೋಡುವವಳು. ಅಗೋ ಆ ಮೂಲೆಯದರ ಮಾಡಿನಿಂದ ಅಪ್ಪ ಒಮ್ಮೆ ಜಾರಿ ನೀರಿಗೆ ಬಿದ್ದು ಕೈಯಲ್ಲಿನ ಬ್ರಷ್ಷು ಬಿಡದೆ ಈಜಿ ಬಂದಿದ್ದರು. ಸೊಸೆ ನೆನಪಿಟ್ಟುಕೊಳ್ಳಲು ನೋಡಿದಳು, ಆಗಲಿಲ್ಲ. ಬೋಟು ಹೊರಳಿದಾಗಲೆಲ್ಲ ಮನೆಗಳು ಜಾಗ ಬದಲಿಸುತ್ತಿದ್ದವು. ಅತ್ತೆ ಬಲಗೈ ತೋರಿಸಿದರೆ ಅವಳು ಎಡಕ್ಕೆ ನೋಡುತ್ತಿದ್ದಳು.

ಲಾಡ್ಜಿನ ಜೆಟ್ಟಿಗೆ ಇನ್ನು ನಾಲ್ಕು ನಿಲುಗಡೆ ಇದ್ದಾಗ ಅತ್ತೆ ಎದ್ದು ನಿಂತರು. "ನನ್ನ ತಮ್ಮ ಹುಟ್ಟಿದ ಮನೆ ಇಲ್ಲೇ ಎಲ್ಲೋ... ಇದು." ಕಣ್ಣು ಕಿರಿದು ಮಾಡಿದರು. "ಅಲ್ಲ. ಪಕ್ಕದ್ದು. ಆ ಮನೆಗೆ ಕಮಾನು ಇರಲಿಲ್ಲ." ಮತ್ತೆ ಹಿಂದೆ ನೋಡಿದರು. ಆ ತಮ್ಮ ಒಂದು ವರ್ಷವೂ ತುಂಬದೆ ತೀರಿಕೊಂಡಿದ್ದ. ಅಷ್ಟು ಮಾತ್ರ ಸೊಸೆಗೆ ಗೊತ್ತಿತ್ತು. "ನಿನಗೇನನ್ನಿಸುತ್ತೆ?"

"ನನಗೇನು ಗೊತ್ತಾಗುತ್ತೆ ಅತ್ತೆ? ನಾನು ನೋಡಿದವಳಾ?"

"ನೋಡಿ ಹೇಳು ಅಂದೆ."

ಎರಡು ಮನೆಗೂ ಮೆಟ್ಟಿಲು, ಎರಡಕ್ಕೂ ಎತ್ತರದ ಕಿಟಕಿ. ಸೊಸೆ ಗಡಿಯಾರ ನೋಡಿದಳು. ನಾಲ್ಕೂ ಕಾಲು. "ಇಳಿದು ನೋಡೋಣ," ಎಂದಳು.

ಇಳಿದರು. ಓಣಿಯಲ್ಲಿ ಕಮಾನಿನ ಮನೆಯ ಬೆನ್ನು ಯಾವುದೆಂದು ಊಹಿಸಿ ಬಾಗಿಲು ತಟ್ಟಿದರು. ಒದ್ದೆ ಕೈಯ ಹೆಂಗಸೊಬ್ಬಳು ತೆರೆದಳು. ಅತ್ತೆ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, "ಈ ಮನೆ ಕಟ್ಟಿ ಮೂವತ್ತು ವರ್ಷವೂ ಆಗಿಲ್ಲಮ್ಮ. ಹಳೇ ಮನೆ ಥರ ಕಾಣಲಿ ಅಂತ ಕಮಾನು ಇಡಿಸಿದಾರೆ. ಪಕ್ಕದ್ದು ಹಳೇದು, ಆದ್ರೆ ಅಲ್ಲಿ ಯಾರೂ ಇಲ್ಲ," ಎಂದಳು.

ಪಕ್ಕದ ಮನೆಗೆ ದಪ್ಪ ಬೀಗ. ಬಾಗಿಲ ನಡುವೆ ಕಾಗದ ಹಾಕುವ ಸಂದಿಯಿತ್ತು. ಅತ್ತೆ ಬಗ್ಗಿ, ಮುಚ್ಚಳ ಎತ್ತಿ, ಒಳಗೆ ಬಹಳ ಹೊತ್ತು ನೋಡಿದರು.

"ಏನು ಕಾಣುತ್ತೆ?"

"ಏನೂ ಕಾಣಲ್ಲ. ನೀನು ನೋಡು, ನಿನ್ನ ಕಣ್ಣು ಚೆನ್ನಾಗಿದೆ."

ಸೊಸೆ ಮಂಡಿಯೂರಿ ಕಣ್ಣಿಟ್ಟಳು. ತಣ್ಣನೆಯ ಗಾಳಿ ಮುಖಕ್ಕೆ ತಾಗಿತು. ಕತ್ತಲೆ ಸ್ವಲ್ಪ ಸ್ವಲ್ಪವಾಗಿ ಕತ್ತಲೆಯಲ್ಲದಾಯಿತು. ಉದ್ದನೆಯ ಹಜಾರ, ಆ ತುದಿಯಲ್ಲಿ ಕಿಟಕಿಯ ಬೆಳಕಿನ ಗೆರೆ, ಎಡಕ್ಕೆ ಕೆಳಗಿಳಿಯುವ ಹಾಗೆ ಏನೋ.

"ಕೆಳಗೊಂದು ಕೋಣೆ ಇರೋ ಹಾಗಿದೆ. ಬಾಗಿಲು ಗಿಡ್ಡ."

"ಬಾಗಿಲಿಗೆ ಯಾವ ಬಣ್ಣ?"

"ಗೊತ್ತಾಗ್ತಿಲ್ಲ ಅತ್ತೆ. ನೀಲಿ ಅನ್ನಿಸುತ್ತೆ. ಬೂದು ಬಣ್ಣವೋ ಏನೋ. ಇದೇನಾ ಆ ಮನೆ?"

ಅತ್ತೆ ಗೋಡೆಗೆ ಕೈಯೂರಿ ನಿಂತು ಬಾಗಿಲನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಇರಬಹುದು," ಎಂದರು.

ಇಪ್ಪತ್ತಾರು ವರ್ಷದಲ್ಲಿ ಆ ಬಾಯಿಂದ ಆ ಮಾತನ್ನು ಸೊಸೆ ಕೇಳಿದ್ದು ಆ ದಿನವೇ. ಅವಳು ಎದ್ದು ಮಂಡಿಯ ಧೂಳು ಕೊಡವಿಕೊಂಡಳು. ರೈಲಿಗೆ ಇನ್ನೂ ಹೊತ್ತಿತ್ತು. ಜೆಟ್ಟಿಗೆ ಎಡಕ್ಕೆ ಹೋಗಬೇಕೋ ಬಲಕ್ಕೋ ಎಂದು ಇಬ್ಬರೂ ಓಣಿಯ ಎರಡೂ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಅಲ್ಲೇ ನಿಂತರು.